ಕುಬೇರನ ತಂಪು ಕೋಣೆ

ಲೋಕದಲ್ಲಿ ದಾನಶೂರರ ಕತೆಗಳಿಗೆ ಬರವಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟು ಹೆಸರು ಮಾಡಿದವರು ಬೇಕಾದಷ್ಟು ಮಂದಿ. ಆದರೆ ಕೇಳಿದವರಿಗೆ ಕೇಳಿದ್ದನ್ನು ಕೊಡದೆ, ಅವರು ಬರಿಗೈಯಲ್ಲೇ ಧನ್ಯರಾಗಿ ಹಿಂದಿರುಗುವಂತೆ ಮಾಡಿ ಹೆಸರು ಗಳಿಸಿದ ಮಹಾಪುರುಷ ಒಬ್ಬನೇ. ಅವನು ನಮ್ಮ ಕಂಪನಿಯ ಸ್ಟೋರ್ ಕೀಪರ್. ಅವನ ಆಯುಧ ಒಂದೇ ಒಂದು ಪ್ರಶ್ನೆ.

"ನಿಜವಾಗ್ಲೂ ಬೇಕಾ?"

ಸ್ಟೋರಿನ ಗೋಡೆಗೆ ಒಂದು ಕಿಟಕಿ, ಕಿಟಕಿಗೆ ತಂತಿ ಜಾಲರಿ, ಜಾಲರಿಯ ಕೆಳಗೆ ಕೈ ಮಾತ್ರ ತೂರುವಷ್ಟು ಕಂಡಿ. ಒಳಗೆ ಎತ್ತರದ ಸ್ಟೂಲಿನ ಮೇಲೆ ಕನ್ನಡಕವನ್ನು ಹಣೆಗೇರಿಸಿಕೊಂಡು ಅವನು ಕೂತಿರುತ್ತಿದ್ದ. ಹೊರಗಿನಿಂದ ಯಾರೋ ಒಂದು ಸ್ಕ್ರೂ ಕೇಳುತ್ತಾರೆ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯುತ್ತದೆ. ನಿಜವಾಗ್ಲೂ ಬೇಕಾ? ಬೇಕು ಅನ್ನುತ್ತಾರೆ. ಆಗ ಅವನು ಇನ್ನೂ ಮೆಲ್ಲಗೆ, ಡಾಕ್ಟರು ರೋಗಿಯ ಹತ್ತಿರ ಕೆಟ್ಟ ಚಟಗಳ ಬಗ್ಗೆ ವಿಚಾರಿಸುವ ದನಿಯಲ್ಲಿ, "ಅದಿಲ್ದೆ ಆಗೋದೇ ಇಲ್ವಾ?" ಎಂದು ಕೇಳುತ್ತಾನೆ. ಅದಕ್ಕೂ ಜಗ್ಗದೆ ನಿಂತವರನ್ನು ಸುಮ್ಮನೆ ನೋಡುತ್ತಾನೆ. ಆ ನೋಟವನ್ನು ತಾಳಿಕೊಂಡು ಸ್ಕ್ರೂ ಪಡೆದವರು ಕಂಪನಿಯ ಇತಿಹಾಸದಲ್ಲಿ ಬೆರಳೆಣಿಕೆಯಷ್ಟು.

ಒಬ್ಬ ಎಂಜಿನಿಯರು ಗೇಣುದ್ದ ವೈರ್ ಕೇಳಲು ಹೋಗಿ, ವಾಪಸು ಬಂದು, ಯಂತ್ರದೊಳಗಿನ ಎರಡು ಭಾಗಗಳನ್ನೇ ಪಕ್ಕಪಕ್ಕಕ್ಕೆ ಸರಿಸಿ ವೈರಿನ ಅಗತ್ಯವನ್ನೇ ನಿವಾರಿಸಿದನಂತೆ. ಇನ್ನೊಬ್ಬ ಹೊಸ ಪೆನ್ನು ಕೇಳಲು ಹೋದವನು ತನಗೆ ಬರೆಯುವಂಥದ್ದು ಏನೂ ಇಲ್ಲ ಎಂಬ ಸತ್ಯ ಅರಿತು ಬಂದನಂತೆ. ಒಮ್ಮೆ ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ರಾಶಿಗೆ ಬೆಂಕಿ ಹತ್ತಿಕೊಂಡಿತು. ಬೆಂಕಿ ಆರಿಸುವ ಸಿಲಿಂಡರ್ ಇದ್ದದ್ದು ಸ್ಟೋರಿನಲ್ಲಿ. ಓಡಿಬಂದವನು ಕೂಗಿಕೊಂಡ. ಕನ್ನಡಕ ಇಳಿಯಿತು. "ಎಷ್ಟು ದೊಡ್ಡ ಬೆಂಕಿ?" ಎಂಬ ಪ್ರಶ್ನೆ ಬಂತು. ಇವನು ಕೈ ಅಗಲಿಸಿ ತೋರಿಸುವಷ್ಟರಲ್ಲಿ ಅಲ್ಲಿ ಹೆಂಗಸರು ಒದ್ದೆ ಗೋಣಿಚೀಲ ಬಡಿದು ಬೆಂಕಿ ಆರಿಸಿಯಾಗಿತ್ತು. "ನೋಡ್ದ್ಯಾ?" ಎಂದನಂತೆ ಸ್ಟೋರ್ ಕೀಪರ್.

ಹೀಗೆ ಸಂಪತ್ತಿನ ಮೇಲೆ ಕೂತು ಒಂದನ್ನೂ ಬಿಡದವನಿಗೆ ಕುಬೇರಣ್ಣ ಎಂಬ ಹೆಸರು ಬಿತ್ತು. ಅವನ ಹೆಂಡತಿಯೂ ಫೋನಿನಲ್ಲಿ "ಕುಬೇರ್ರು ಇದಾರಾ?" ಎಂದೇ ಕೇಳುತ್ತಿದ್ದಳು.

ನಗಬೇಡಿ. ಕಂಪನಿ ಅಷ್ಟು ವರ್ಷ ಉಸಿರಾಡಿದ್ದು ಆ ಕಿಟಕಿಯ ಕೃಪೆಯಿಂದ.

ನಾವು ಮಾಡುತ್ತಿದ್ದದ್ದು ಆಸ್ಪತ್ರೆಯ ಮಾನಿಟರ್. ರೋಗಿಯ ಮಂಚದ ಪಕ್ಕ ನಿಂತು ಎದೆಬಡಿತ, ಉಸಿರು, ರಕ್ತದೊತ್ತಡ ಇವನ್ನೆಲ್ಲ ಹಸಿರು ಗೆರೆಗಳಲ್ಲಿ ತೋರಿಸುವ ಪೆಟ್ಟಿಗೆ. ನಮ್ಮ ಜೊತೆಯಲ್ಲೇ ಹುಟ್ಟಿದ ಕಂಪನಿಗಳು ಇನ್ನೂ ಕೆಲವಿದ್ದವು. ಅವರ ಪೆಟ್ಟಿಗೆಗಳಲ್ಲಿ ನಮ್ಮದಕ್ಕಿಂತ ದುಪ್ಪಟ್ಟು ಬಿಡಿಭಾಗಗಳು. ಪ್ರತಿ ಬಿಡಿಭಾಗವೂ ಒಂದಲ್ಲ ಒಂದು ದಿನ ಕೈಕೊಡುವಂಥದ್ದೇ. ನಮ್ಮ ಎಂಜಿನಿಯರುಗಳಿಗಾದರೋ ಆ ಕಿಟಕಿಯ ಮುಂದೆ ನಿಲ್ಲುವುದಕ್ಕಿಂತ ತಲೆ ಕೆರೆದುಕೊಂಡು ಕೂರುವುದೇ ಸುಲಭವಾಗಿತ್ತು. ಹತ್ತು ಭಾಗಗಳ ಕೆಲಸವನ್ನು ನಾಲ್ಕರಲ್ಲಿ ಮುಗಿಸುತ್ತಿದ್ದರು. ಹಾಗಾಗಿ ನಮ್ಮ ಪೆಟ್ಟಿಗೆ ಹಗುರ, ಗಟ್ಟಿ, ಅಗ್ಗ. ರಿಪೇರಿಯವನು ಹೋಗಲಾರದ ಮೂಲೆಯ ಆಸ್ಪತ್ರೆಗಳಲ್ಲೂ ಅದು ವರ್ಷಗಟ್ಟಲೆ ಮಿಟುಕುತ್ತ ಕೂತಿರುತ್ತಿತ್ತು. ಜೊತೆಗೆ ಹುಟ್ಟಿದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ನಾವು ಉಳಿದೆವು.

ಕಂಪನಿ ಕಟ್ಟಿದ ಯಜಮಾನರು ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. "ಎಲ್ಲ ಕಂಪನಿಗೂ ಸಂಶೋಧನಾ ವಿಭಾಗ ಅಂತ ಒಂದು ಇರುತ್ತೆ. ನಮ್ಮದಕ್ಕೆ ತಂತಿ ಜಾಲರಿ ಇದೆ, ಅಷ್ಟೇ ವ್ಯತ್ಯಾಸ." ಜಾಲರಿಯ ಹಿಂದೆ ಕುಬೇರಣ್ಣ ಕೇಳಿಸಿಕೊಳ್ಳದವನಂತೆ ಸ್ಕ್ರೂಗಳನ್ನು ಜೋಡಿಸುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು.

ಮನೆಯಲ್ಲೂ ಅದೇ ಆಡಳಿತ. ಇದ್ದದ್ದು ಮುಗಿಯದೆ ಹೊಸದು ಒಳಗೆ ಬರುವಂತಿಲ್ಲ. ಹಳೆಯ ಸೋಪಿನ ಚೂರು ಹೊಸ ಸೋಪಿನ ಬೆನ್ನಿಗೆ ಅಂಟಿಕೊಂಡೇ ಸ್ನಾನದ ಮನೆಗೆ ಕಾಲಿಡಬೇಕು. "ನಮ್ಮನೇಲಿ ಪೂರ್ತಿ ಹೊಸ ಸೋಪು ಕಂಡದ್ದು ನನ್ನ ಮದುವೆ ದಿನ ಒಂದ್ಸಲ. ಅದಾದ್ಮೇಲೆ ಎಲ್ಲ ಮೊಮ್ಮಕ್ಕಳು, ಮರಿಮೊಮ್ಮಕ್ಕಳು" ಎಂದು ಹೆಂಡತಿ ಪಕ್ಕದ ಮನೆಯವರಿಗೆ ಹೇಳಿ ನಗಿಸುತ್ತಿದ್ದಳು.

ಒಬ್ಬಳೇ ಮಗಳನ್ನು ಅವನು ಮದುವೆ ಮಾಡಿ ಕೊಟ್ಟದ್ದು ನಮ್ಮದೇ ಕಂಪನಿಯ ಎಂಜಿನಿಯರಿಗೆ. ಕಿಟಕಿಯ ಮುಂದೆ ಎಂದೂ ಹಲ್ಲು ಗಿಂಜದೆ, ಬೇಡದ್ದನ್ನು ಕೇಳದೆ ಇದ್ದ ಒಬ್ಬನೇ ಹುಡುಗ ಎಂಬುದು ವರನಿಗಿದ್ದ ಅರ್ಹತೆ. ಮದುವೆಯಾದ ಮಾರನೆಯ ದಿನದಿಂದ ಕಾವಲುಗಾರನಿಂದ ಹಿಡಿದು ಯಜಮಾನರ ತನಕ ಎಲ್ಲರಿಗೂ ಅವನು "ಅಳಿಯ". ಪಾಪ, ಅವನಿಗೆ ಇನ್ನೊಂದು ಹೆಸರಿತ್ತು ಎಂಬುದನ್ನು ಅವನ ತಾಯಿಯೊಬ್ಬಳೇ ನೆನಪಿಟ್ಟುಕೊಂಡಿದ್ದಳು. ಮಗಳು ಅದೇ ಕಂಪನಿಯ ಬೆಸುಗೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಮಾವ, ಅಳಿಯ, ಮಗಳು ಮೂವರೂ ಬೆಳಗ್ಗೆ ಒಂದೇ ಗೇಟಿನೊಳಗೆ ಹೋಗಿ ಸಂಜೆ ಒಂದೇ ಗೇಟಿನಿಂದ ಬರುತ್ತಿದ್ದರು. ಎರಡೂ ಮನೆಯ ಒಲೆ ಉರಿಯುತ್ತಿದ್ದದ್ದು ಆ ಒಂದು ಗೇಟಿನಿಂದ. ಗೇಟು ಮುಚ್ಚಿದರೆ ಗತಿ ಏನು ಎಂದು ಅವರಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಸೂರ್ಯ ಹುಟ್ಟದಿದ್ದರೆ ಎಂದು ಯಾರಾದರೂ ಕೇಳಿಕೊಳ್ಳುತ್ತಾರೆಯೇ?

ಹೀಗಿರುವಾಗ ಸಮುದ್ರದಾಚೆಯಿಂದ ಒಂದು ಸುದ್ದಿ ಬಂತು. ನಮ್ಮ ಮಾನಿಟರಿನ ಮಿದುಳಾಗಿದ್ದ ಚಿಪ್ಪನ್ನು ತಯಾರಿಸುತ್ತಿದ್ದವರು ಇನ್ನು ಮುಂದೆ ಅದನ್ನು ತಯಾರಿಸುವುದಿಲ್ಲವಂತೆ. ಹಳೆಯ ಕಾಲದ್ದು, ಕೇಳುವವರಿಲ್ಲ, ಬೇಕಾದವರು ವರ್ಷ ಮುಗಿಯುವುದರೊಳಗೆ ಕೊಂಡುಕೊಳ್ಳಿ ಅಂದರು.

ಯಜಮಾನರ ಕೋಣೆಯಲ್ಲಿ ಸಭೆ ಸೇರಿತು. ಅಳಿಯ ಎದ್ದು ನಿಂತು ಹೇಳಿದ. ಹೊಸ ಬಗೆಯ ಚಿಪ್ಪುಗಳು ಬಂದಿವೆ, ಉಗುರಿನಷ್ಟು ಅಗಲದ್ದು ನಮ್ಮ ಹಳೆಯದರ ಹತ್ತರಷ್ಟು ಕೆಲಸ ಮಾಡುತ್ತದೆ. ಹಳೆಯದನ್ನು ಬಿಟ್ಟುಬಿಡೋಣ. ಮೊದಲಿಂದ ಹೊಸದಾಗಿ ಕಲಿಯೋಣ. ಒಂದು ವರ್ಷ ಕಷ್ಟವಾಗುತ್ತದೆ, ಆಮೇಲೆ ದಾರಿ ಕಾಣುತ್ತದೆ.

"ಕಷ್ಟ ಅಂದ್ರೆ?" ಯಜಮಾನರು ಕೇಳಿದರು.

"ಕಷ್ಟ ಅಂದ್ರೆ ಕಷ್ಟ ಸಾರ್. ಮಾರೋದು ಕಡಿಮೆ ಆಗತ್ತೆ. ತಪ್ಪುಗಳಾಗತ್ವೆ."

ಅಳಿಯನಿಗೆ ಸಭೆಯಲ್ಲಿ ಮಾತನ್ನು ಸಿಂಗರಿಸಲು ಬರುತ್ತಿರಲಿಲ್ಲ. ಕಷ್ಟವನ್ನು ಕಷ್ಟವೆಂದೇ ಕರೆಯುವ ಎಂಜಿನಿಯರು ಯಾವ ಸಭೆಯಲ್ಲೂ ಗೆದ್ದದ್ದಿಲ್ಲ.

ಎಂದೂ ಸಭೆಗೆ ಕರೆಸಿಕೊಳ್ಳದ ಕುಬೇರಣ್ಣನನ್ನು ಅಂದು ಕರೆದಿದ್ದರು. ಅವನು ಬಾಗಿಲ ಪಕ್ಕದಲ್ಲೇ ನಿಂತು ಹೇಳಿದ, "ಯಜಮಾನ್ರೇ, ನಾಳೆಯಿಂದ ಅಂಗಡೀಲಿ ಅಕ್ಕಿ ಸಿಗಲ್ಲ ಅಂದ್ರೆ ನಾವೇನು ಮಾಡ್ತೀವಿ? ಇವತ್ತೇ ಅಕ್ಕಿ ತಂದು ತುಂಬಿಸ್ಕೋತೀವೋ, ಊಟ ಮಾಡೋ ಅಭ್ಯಾಸಾನೇ ಬಿಡ್ತೀವೋ?"

ಕೋಣೆ ಗೊಳ್ಳೆಂದಿತು. ಯಜಮಾನರು ಮೇಜು ಕುಟ್ಟಿ ನಕ್ಕರು. ಅಳಿಯನೂ ನಕ್ಕ, ಮಾವ ಹೇಳಿದ ಮೇಲೆ ನಗದೆ ಇರಲಾಗುತ್ತದೆಯೇ? ಹಾಗೆ ಒಂದು ನಗುವಿನಲ್ಲಿ ತೀರ್ಮಾನವಾಯಿತು. ಜಗತ್ತಿನಲ್ಲಿ ಉಳಿದಿದ್ದ ಆ ಬಗೆಯ ಚಿಪ್ಪನ್ನೆಲ್ಲ ನಾವೇ ಕೊಂಡೆವು. ಕಂಪನಿ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು.

ಅವು ಬಂದ ದಿನದ ವೈಭವವನ್ನು ಏನು ಹೇಳಲಿ! ಲಾರಿಯ ಮೇಲೆ ಲಾರಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಗಾಳಿ ಹೀರಿ ಮುಚ್ಚಿದ ಬೆಳ್ಳಿ ಬಣ್ಣದ ಚೀಲ, ಅದರೊಳಗೆ ತಟ್ಟೆ, ತಟ್ಟೆಯಲ್ಲಿ ಸಾಲಾಗಿ ಮಲಗಿದ ಕರೀ ಚಿಪ್ಪುಗಳು. ಕುಬೇರಣ್ಣ ಹೊಸ ಅಂಗಿ ತೊಟ್ಟು ಬಂದಿದ್ದ. ಒಂದೊಂದು ಪೆಟ್ಟಿಗೆ ಇಳಿಯುವಾಗಲೂ ಅವನ ತುಟಿ ಅಲುಗುತ್ತಿತ್ತು. ಲಾರಿಯವನು ಒಂದು ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟದ್ದಕ್ಕೆ, "ಏನಯ್ಯಾ, ನಿನ್ನ ಮಗೂನ ತೊಟ್ಟಿಲಿಗೂ ಹೀಗೇ ಎಸೀತೀಯಾ?" ಎಂದು ಗದರಿದ.

ಆದರೆ ಈ ಶಿಶುಗಳಿಗೆ ಬೆವರು ಆಗದು, ತೇವ ಆಗದು. ಒಣಗಿದ ತಂಪು ಕೋಣೆಯಲ್ಲೇ ಇರಬೇಕು. ಕಂಪನಿಯಲ್ಲಿ ಏಸಿ ಇದ್ದ ದೊಡ್ಡ ಕೋಣೆ ಒಂದೇ. ಅದು ಅಳಿಯ ಮತ್ತವನ ಜೊತೆಯವರು ಹೊಸ ಯಂತ್ರಗಳನ್ನು ಯೋಚಿಸುತ್ತಿದ್ದ ಲ್ಯಾಬ್. ಒಂದೇ ದಿನದಲ್ಲಿ ಲ್ಯಾಬ್ ಖಾಲಿಯಾಯಿತು. ಅಳಿಯನ ಮೇಜನ್ನು ಕ್ಯಾಂಟೀನಿಗೆ ಹೋಗುವ ಮೆಟ್ಟಿಲಿನ ಕೆಳಗೆ ಇಟ್ಟರು. ಅಲ್ಲಿ ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು. ಊಟದ ಹೊತ್ತಿಗೆ ನೂರು ಜನರ ಚಪ್ಪಲಿ ಅವನ ನೆತ್ತಿಯ ಮೇಲೆ ಇಳಿದು ಹೋಗುತ್ತಿದ್ದವು.

"ಗಾಳಿ ಬೆಳಕು ಹೇಗಿದೆ ಅಳಿಯಂದ್ರೇ?" ಎಂದು ಇಳಿಯುವವರು ಬಗ್ಗಿ ಕೇಳುವರು.

"ಬೆಳಕಿಗೇನೂ ಕಮ್ಮಿ ಇಲ್ಲ. ನೀವು ಸ್ವಲ್ಪ ಚಪ್ಪಲಿ ತೊಳ್ಕೊಂಡು ಬಂದ್ರೆ ಗಾಳೀನೂ ಚೆನ್ನಾಗಿರತ್ತೆ" ಅನ್ನುವನು ಅವನು.

ಮೊದಲ ಕೆಲವು ವರ್ಷ ಕುಬೇರಣ್ಣನದೇ ಜಯಭೇರಿ. ನಮ್ಮ ನಂತರ ಹುಟ್ಟಿ ಅದೇ ಚಿಪ್ಪನ್ನು ನೆಚ್ಚಿದ್ದ ಕಂಪನಿಗಳು ಬೀದಿ ಬೀದಿ ಅಲೆದವು. ನಮ್ಮ ಹತ್ತಿರವೇ ಬಂದು ಚಿಪ್ ಸಾಲ ಕೇಳಿದವು. ಅವರಿಗೂ ಕಿಟಕಿಯಲ್ಲಿ ಅದೇ ಪ್ರಶ್ನೆ ಕಾದಿತ್ತು. ಅವರ ಆರ್ಡರುಗಳೂ ನಮಗೇ ಬಂದವು. ವಾರ್ಷಿಕ ಸಭೆಯಲ್ಲಿ ಯಜಮಾನರು ಕುಬೇರಣ್ಣನನ್ನು ವೇದಿಕೆಗೆ ಕರೆಸಿ, "ಕಂಪನಿಯ ಆಯುಸ್ಸನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಮನುಷ್ಯ" ಎಂದು ಹೊಗಳಿದರು. ನಾವೆಲ್ಲ ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಹೆಂಡತಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು.

ಗೆದ್ದು ಬೀಗಿದ ಆ ವರ್ಷಗಳು ಕಂಪನಿಗೆ ಮಾಡಿದ ಕೇಡನ್ನು ಯಾವ ಶತ್ರುವೂ ಮಾಡಿರಲಿಲ್ಲ. ಸೋತ ಕಂಪನಿಗಳಲ್ಲಿ ಒಂದೆರಡು ಸತ್ತವು ನಿಜ. ಆದರೆ ಹಳೆಯ ಚಿಪ್ ಸಿಗದೆ ಕಂಗಾಲಾದ ಒಂದು ಕಂಪನಿ, ಬೇರೆ ದಾರಿ ಕಾಣದೆ, ಬೈದುಕೊಳ್ಳುತ್ತಲೇ ಹೊಸದನ್ನು ಕಲಿತುಕೊಂಡಿತು. ಅವರಿಗೆ ತುಂಬಿದ ಉಗ್ರಾಣ ಇರಲಿಲ್ಲ. ಅದೇ ಅವರ ಪುಣ್ಯ.

ಆಸ್ಪತ್ರೆಗಳೂ ಬದಲಾಗಿದ್ದವು. ಪ್ರತಿ ಮಂಚದ ಹತ್ತಿರ ಓಡಿ ಓಡಿ ಗೆರೆ ನೋಡಲು ನರ್ಸುಗಳಿಗೆ ಕಾಲಿಲ್ಲ, ಸಮಯವಿಲ್ಲ. ಇಡೀ ವಾರ್ಡಿನ ಎದೆಬಡಿತಗಳು ಒಂದೇ ಮೇಜಿನ ಮೇಲೆ ಕಾಣಬೇಕು, ಏರುಪೇರಾದರೆ ಪೆಟ್ಟಿಗೆಯೇ ಕೂಗಬೇಕು, ರೋಗಿಯನ್ನು ಸಾಗಿಸುವಾಗ ಅದೂ ಜೊತೆಗೆ ಹೋಗಬೇಕು. ಆ ಕಲಿತ ಕಂಪನಿಯ ಪೆಟ್ಟಿಗೆ ಇದೆಲ್ಲವನ್ನೂ ಮಾಡುತ್ತಿತ್ತು. ನಮ್ಮದು ಮೊದಲಿನಂತೆಯೇ ಹಸಿರು ಗೆರೆ ಎಳೆಯುತ್ತ ಕೂತಿತ್ತು, ಗಟ್ಟಿಯಾಗಿ, ಕೆಡದೆ, ಯಾರಿಗೂ ಬೇಡವಾಗಿ.

ಯಜಮಾನರು ಮೆಟ್ಟಿಲ ಕೆಳಗೆ ಬಗ್ಗಿ ಬಂದರು. "ಅಳಿಯಾ, ನಮಗೂ ಅಂಥದ್ದು ಬೇಕು."

"ಮಾಡೋಣ ಸಾರ್. ಹೊಸ ಚಿಪ್ ಬೇಕಾಗತ್ತೆ."

"ಮನೇಲಿರೋದು ಮೊದಲು ಖರ್ಚಾಗ್ಲಪ್ಪ. ಅದರಲ್ಲೇ ಮಾಡು."

"ಅದಕ್ಕೆ ಅಷ್ಟು ಶಕ್ತಿ ಇಲ್ಲ ಸಾರ್."

"ಒಂದಕ್ಕಿಲ್ದಿದ್ರೆ ಎರಡು ಹಾಕು. ಎರಡಕ್ಕಿಲ್ದಿದ್ರೆ ಮೂರು. ಇಟ್ಕೊಂಡು ಪೂಜೆ ಮಾಡೋಕೆ ತಂದಿದೀವಾ?"

ಹೀಗೆ ಹುಟ್ಟಿತು ಮೂರು ಮಿದುಳಿನ ಯಂತ್ರ. ಮೂರು ಮಿದುಳುಗಳು ಒಂದಕ್ಕೊಂದು ಮಾತಾಡಿಕೊಳ್ಳಲು ಇನ್ನಷ್ಟು ಭಾಗಗಳು, ಮಾತಾಡಿ ಮಾತಾಡಿ ಬಿಸಿಯಾಗುವುದಕ್ಕೆ ಒಂದು ಫ್ಯಾನು, ಫ್ಯಾನಿಗೊಂದು ದೊಡ್ಡ ಟ್ರಾನ್ಸ್‌ಫಾರ್ಮರ್, ಇಷ್ಟನ್ನು ಹೊರಲು ಕಬ್ಬಿಣದ ಚೌಕಟ್ಟು. ಒಂದು ಕಾಲಕ್ಕೆ ಲೋಕದಲ್ಲೇ ಕಡಿಮೆ ಬಿಡಿಭಾಗಗಳ ಯಂತ್ರ ಮಾಡಿ ಗೆದ್ದವರು ನಾವು. ಈಗ ಬಿಡಿಭಾಗಗಳ ಸಂತೆಯನ್ನೇ ಪೆಟ್ಟಿಗೆಯಲ್ಲಿ ಕೂಡಿಹಾಕಿದೆವು.

ಅಳಿಯ ಚಿಪ್ ಕೇಳಲು ಕಿಟಕಿಗೆ ಹೋದ ದಿನ ನಾವು ಕೆಲವರು ಅಲ್ಲೇ ಸುಳಿದಾಡುತ್ತಿದ್ದೆವು. ಒಂದು ಯಂತ್ರಕ್ಕೆ ಮೂರು ಎಂದರೆ ಕುಬೇರಣ್ಣ ಬಿಡುತ್ತಾನೆಯೇ? ಮಾವನೂ ಬಿಡುವವನಲ್ಲ, ಅಳಿಯನೂ ಬೇಡದ್ದನ್ನು ಕೇಳುವವನಲ್ಲ. ಯುದ್ಧ ನೋಡುವಂತಿರುತ್ತದೆ ಎಂದುಕೊಂಡಿದ್ದೆವು. ಅಳಿಯ ಕೇಳಿದ. ಕನ್ನಡಕ ಹಣೆಯಿಂದ ಇಳಿಯಲೇ ಇಲ್ಲ. ಕುಬೇರಣ್ಣ ಎದ್ದು ತಂಪು ಕೋಣೆಗೆ ಹೋಗಿ, ಬೆಳ್ಳಿ ಚೀಲವನ್ನು ಎರಡೂ ಕೈಯಲ್ಲಿ ತಂದು, ಕಂಡಿಯಿಂದ ಹೊರಗೆ ತಳ್ಳಿ, "ಸಾಕಾ? ಇನ್ನೊಂದೆರಡು ಇರ್ಲಿ, ತಗೊಳ್ಳಿ" ಅಂದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬರಲಿಲ್ಲ. ಎಷ್ಟೋ ವರ್ಷ ಕಂಪನಿಯನ್ನು ಕಾಪಾಡಿದ್ದ ಆ ಪ್ರಶ್ನೆ ಅವತ್ತು ಕೇಳಬೇಕಾಗಿತ್ತು, ಕೇಳುವವನು ಕೇಳಲಿಲ್ಲ.

ಅಳಿಯ ಮೂರು ಮಿದುಳಿನದನ್ನು ಹಗಲು ಕಟ್ಟಿದ. ಕೆಲಸದ ಹೊತ್ತು ಮುಗಿದ ಮೇಲೆ, ತನ್ನ ಕೈಯಿಂದಲೇ ದುಡ್ಡು ಹಾಕಿ ಹೊಸ ಚಿಪ್ಪೊಂದನ್ನು ಕೊಂಡು ತಂದು, ಅದೇ ಮೆಟ್ಟಿಲ ಕೆಳಗೆ ಇನ್ನೊಂದನ್ನೂ ಕಟ್ಟಿದ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಫ್ಯಾನಿಲ್ಲ, ಸದ್ದಿಲ್ಲ. ಬೆಸುಗೆ ಹಾಕಿದವಳು ಹೆಂಡತಿ. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಯಜಮಾನರ ಕೋಣೆಗೆ ಹೋಗಿ, ಮೇಜಿನ ಮೇಲಿಟ್ಟು, ತನ್ನ ಎದೆಗೆ ವೈರ್ ಅಂಟಿಸಿಕೊಂಡು ತೋರಿಸಿದ.

ಅದೇ ಹೊತ್ತಿಗೆ ದೊಡ್ಡದೊಂದು ಆಸ್ಪತ್ರೆ ಕಟ್ಟುತ್ತಿದ್ದರು. ಎಲ್ಲ ವಾರ್ಡುಗಳಿಗೂ ಮಾನಿಟರ್ ಬೇಕು, ಬಂದು ತೋರಿಸಿ ಎಂದು ಕರೆದಿದ್ದರು. ಅದು ಸಿಕ್ಕಿದರೆ ಕಂಪನಿ ಉಳಿಯುತ್ತದೆ, ಸಿಗದಿದ್ದರೆ ಇಲ್ಲ. ಇದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು.

ಯಜಮಾನರು ಊಟದ ಡಬ್ಬಿಯ ಯಂತ್ರವನ್ನು ಬಹಳ ಹೊತ್ತು ನೋಡಿದರು. ಮುಟ್ಟಿ ನೋಡಿದರು. ನಿಟ್ಟುಸಿರಿಟ್ಟರು. "ಇದನ್ನು ತಗೊಂಡು ಹೋದ್ರೆ ಆ ಕೋಣೇಲಿರೋದೆಲ್ಲ ಕಸ ಅಂತ ಒಪ್ಪಿಕೊಂಡ ಹಾಗೆ. ಒಂದು ಕೆಲಸ ಮಾಡು. ನಿಮ್ಮ ಮಾವ ಹೂಂ ಅನ್ಲಿ. ಅವನು ಬಿಡು ಅಂದ್ರೆ ನಾನು ಬಿಡ್ತೀನಿ. ಅವನ ಮಾತು ಕೇಳಿ ತಾನೇ ತುಂಬಿಸಿದ್ದು."

ಆ ಸಂಜೆ ಅಳಿಯ, ಮಗಳು ಇಬ್ಬರೂ ಕುಬೇರಣ್ಣನ ಮನೆಗೆ ಬಂದರು. ಅತ್ತೆ ಚಹಾ ತಂದಿಟ್ಟಳು. ಅಳಿಯ ಲೋಟ ಮುಟ್ಟಲಿಲ್ಲ.

"ಮಾವ, ಒಂದು ಮಾತು ಹೇಳಿ ಸಾಕು. ಹಳೇದು ಬೇಡ ಅಂತ."

ಕುಬೇರಣ್ಣ ಚಹಾ ಊದಿಕೊಂಡು ಕುಡಿದ. "ಬೇಡ ಅಂದ್ರೆ ಅದನ್ನೆಲ್ಲ ಏನು ಮಾಡ್ತೀರಿ?"

"ಏನೂ ಮಾಡಲ್ಲ. ಬಿಸಾಡ್ತೀವಿ."

"ಏನಂದ್ರಿ?"

"ಬಿಸಾಡ್ತೀವಿ ಮಾವ."

ಆ ಮನೆಯಲ್ಲಿ ಆ ಮಾತನ್ನು ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ. ಅತ್ತೆ ಗಾಬರಿಯಾಗಿ ಗಂಡನ ಕಡೆ ನೋಡಿದಳು.

"ರೀ, ಹುಡುಗ ಅಷ್ಟು ಹೇಳ್ತಿದಾನೆ, ಹೂಂ ಅನ್ನಿ."

"ನಿನಗೇನು ಗೊತ್ತಾಗತ್ತೆ, ಸುಮ್ನಿರು."

"ನನಗೆ ಚಿಪ್ಪು ಗೊತ್ತಾಗಲ್ಲ. ಅವನ ಮುಖ ಗೊತ್ತಾಗತ್ತೆ. ಮೂರು ತಿಂಗ್ಳಿಂದ ಸರಿಯಾಗಿ ಉಂಡಿಲ್ಲ ಅವನು."

ಮಗಳು ಅಪ್ಪನ ಪಕ್ಕಕ್ಕೆ ಸರಿದು ಕೂತಳು. "ಅಪ್ಪಾ, ಆ ಮೂರು ತಲೇದು ನಾನೇ ಬೆಸುಗೆ ಹಾಕಿದೀನಿ. ಎತ್ತಿಡೋಕೆ ನಾವಿಬ್ಬರು ಬೇಕು. ಅದನ್ನ ಯಾರು ಕೊಳ್ತಾರೆ ನೀನೇ ಹೇಳು. ನಮ್ಮಿಬ್ಬರ ಕೆಲ್ಸ, ನಿನ್ನ ಕೆಲ್ಸ, ಅಲ್ಲಿರೋ ಎಲ್ಲರದ್ದೂ ಹೋಗತ್ತೆ. ಒಂದು ಮಾತಪ್ಪಾ."

ಕುಬೇರಣ್ಣ ಖಾಲಿ ಲೋಟವನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಅದರ ತಳವನ್ನು ನೋಡಿದ. "ಗಟ್ಟಿ ವಸ್ತು ಅದು. ಒಂದಕ್ಕೂ ಏನೂ ಆಗಿಲ್ಲ. ನಾನಿರೋವರೆಗೂ ಬಿಸಾಡೋ ಮಾತು ಬೇಡ" ಎಂದು ಎದ್ದು ಒಳಗೆ ಹೋಗಿಬಿಟ್ಟ.

ಆಸ್ಪತ್ರೆಗೆ ಮೂರು ಮಿದುಳಿನದೇ ಹೋಯಿತು. ಇಬ್ಬರು ಹೊತ್ತು ಮಂಚದ ಪಕ್ಕದ ಸ್ಟ್ಯಾಂಡಿನ ಮೇಲೆ ಇಳಿಸಿದರು. ಸ್ಟ್ಯಾಂಡು ಒಂದು ಸಲ ನರಳಿತು. ಸ್ವಿಚ್ ಹಾಕಿದೊಡನೆ ಫ್ಯಾನು ತಿರುಗಿತು. ಯಜಮಾನರು ಕೈಕಟ್ಟಿ ನಿಂತು ನಮ್ಮ ಮೂವತ್ತು ವರ್ಷದ ಕೀರ್ತಿಯನ್ನು ವರ್ಣಿಸುತ್ತಿದ್ದರು. ಹೆಡ್ ನರ್ಸು ದಪ್ಪ ಕನ್ನಡಕದ, ದಣಿದ ಮುಖದ ಹೆಂಗಸು. ಅವರು ಯಜಮಾನರ ಮಾತು ಮುಗಿಯುವುದನ್ನು ಕಾಯದೆ ಹತ್ತಿರ ಬಂದು ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಸರಿಸಲು ನೋಡಿದರು. ಅದು ಕದಲಲಿಲ್ಲ. ಎರಡು ಕೈ ಹಾಕಿದರು. ಆಮೇಲೆ ಕಿವಿಯಿಟ್ಟು ಆಲಿಸಿದರು.

"ಇದೇನು ಸಾರ್, ರೋಗಿಗಿಂತ ಜೋರಾಗಿ ಇದೇ ಉಸಿರಾಡ್ತಿದೆಯಲ್ಲ?"

ಸುತ್ತ ನಿಂತವರು ನಕ್ಕರು. ಹಾಗೆ, ಒಂದು ನಗುವಿನಲ್ಲಿ ಹುಟ್ಟಿದ ತೀರ್ಮಾನಕ್ಕೆ ಇನ್ನೊಂದು ನಗುವಿನಲ್ಲಿ ಬೆಲೆ ಕಟ್ಟಿಯಾಯಿತು. ಆರ್ಡರು ಬೈದುಕೊಂಡು ಕಲಿತವರಿಗೆ ಹೋಯಿತು.

ದೊಡ್ಡ ಕಂಪನಿ ಸಾಯುವುದು ಮನುಷ್ಯ ಸತ್ತ ಹಾಗಲ್ಲ. ಮೊದಲು ಚಹಾ ಸಾಯುತ್ತದೆ. ಕ್ಯಾಂಟೀನಿನಲ್ಲಿ ಹಾಲು ತೆಳ್ಳಗಾಯಿತು, ಆಮೇಲೆ ಚಹಾ ನಿಂತಿತು, ಆಮೇಲೆ ಕ್ಯಾಂಟೀನೇ ನಿಂತಿತು. ಸಂಬಳ ತಿಂಗಳಿನಿಂದ ತಿಂಗಳಿಗೆ ಜಾರಿತು. ಬುದ್ಧಿವಂತರು ಬೇರೆ ಕಡೆ ಹೋದರು, ಅವರು ಹೋದದ್ದನ್ನು ನೋಡಿ ಉಳಿದವರಿಗೆ ತಾವು ಬುದ್ಧಿವಂತರಲ್ಲ ಎಂದು ಗೊತ್ತಾಯಿತು. ಕರೆಂಟು ಉಳಿಸಲು ಕೆಲಸದ ಕೋಣೆಗಳ ಫ್ಯಾನುಗಳನ್ನು ಆರಿಸಿದರು. ತಂಪು ಕೋಣೆಯ ಏಸಿಯನ್ನು ಮಾತ್ರ ಆರಿಸಲಿಲ್ಲ. ಅಲ್ಲಿ ಕಂಪನಿಯ ಆಯುಸ್ಸು ಇತ್ತಲ್ಲ. ಬೆಸುಗೆಯ ಹೆಂಗಸರು ಊಟದ ಡಬ್ಬಿ ತಂದು ಆ ಬಾಗಿಲಿನ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಬಾಗಿಲ ಕೆಳಗಿನ ಸಂದಿನಿಂದ ಬರುವ ತಣ್ಣನೆ ಗಾಳಿಗೆ ಪಾದ ಚಾಚಿಕೊಂಡು, "ನಾವೂ ಚಿಪ್ಪಾಗಿ ಹುಟ್ಟಬೇಕಿತ್ತು ಕಣೇ" ಅನ್ನುತ್ತಿದ್ದರು. ಅವರಲ್ಲಿ ಕುಬೇರಣ್ಣನ ಮಗಳೂ ಇದ್ದಳು. ತಿಂಗಳು ತುಂಬುತ್ತಿದ್ದ ಬಸುರಿ. ಒಂದು ದಿನ ಅಲ್ಲೇ ತಲೆಸುತ್ತಿ ಬಿದ್ದಳು. ಮಗು ಉಳಿಯಲಿಲ್ಲ. ಸೆಕೆಗೋ, ಊಟ ಸಾಲದ್ದಕ್ಕೋ, ವಿಧಿಗೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕುಬೇರಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಅಳಿಯ ಎದುರಿನ ಬೆಂಚಿನ ಮೇಲೆ. ಇಬ್ಬರ ನಡುವೆ ಬಿಳೀ ಟೈಲ್ಸು.

ಆ ಮಳೆಗಾಲದಲ್ಲೇ ಯಜಮಾನರ ಎದೆ ಕೈಕೊಟ್ಟಿತು. ಅವರನ್ನು ಸೇರಿಸಿದ್ದು ಆ ಹೊಸ ದೊಡ್ಡ ಆಸ್ಪತ್ರೆಗೇ. ತಲೆಯ ಪಕ್ಕದಲ್ಲಿ ಬೈದುಕೊಂಡು ಕಲಿತವರ ಪುಟ್ಟ ಪೆಟ್ಟಿಗೆ, ಬಣ್ಣಬಣ್ಣದ ಗೆರೆ, ಸದ್ದೇ ಇಲ್ಲ. ಯಜಮಾನರು ನರ್ಸನ್ನು ಕರೆದು, "ಅಮ್ಮಾ, ಅದನ್ನ ಗೋಡೆ ಕಡೆ ತಿರುಗಿಸ್ತೀಯಾ?" ಎಂದು ಕೇಳಿದರಂತೆ. "ಹಾಗೆಲ್ಲ ತಿರುಗಿಸೋಕಾಗಲ್ಲ ಅಜ್ಜ" ಅಂದಳಂತೆ ಅವಳು. ಅವರು ಅದನ್ನೇ ನೋಡುತ್ತ ಹೋದರು. ಅವರು ಹೋದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಸಾರಿದ್ದು ಆ ಪೆಟ್ಟಿಗೆಯೇ. ಒಪ್ಪಿಕೊಳ್ಳಬೇಕು, ಅಚ್ಚುಕಟ್ಟಾದ ಯಂತ್ರ.

ಗೇಟಿಗೆ ಬೀಗ ಬಿತ್ತು. ಕೊನೆಗೊಂದು ದಿನ ಗುಜರಿಯವನು ಬಂದ. ಸಾಮಾನು ಒಪ್ಪಿಸಲು ಬೀಗದ ಕೈ ಇದ್ದ ಕುಬೇರಣ್ಣನನ್ನೇ ಕರೆಸಿದರು. ಎತ್ತಿಳಿಸಲು ಅಳಿಯ ಬಂದ. ಅವನೀಗ ಒಂದು ಲಿಫ್ಟ್ ಕಂಪನಿಯಲ್ಲಿ ನಿಂತುಹೋದ ಲಿಫ್ಟುಗಳನ್ನು ಸರಿಮಾಡುತ್ತಿದ್ದ. ತಂಪು ಕೋಣೆಯ ಏಸಿಯನ್ನು ಮೊದಲೇ ಕಿತ್ತು ಮಾರಿದ್ದರು. ಒಳಗೆ ಬೆಚ್ಚಗಿತ್ತು. ಗೋಡೆಯಿಂದ ಗೋಡೆಗೆ ಪೆಟ್ಟಿಗೆಗಳು, ಅರ್ಧಕ್ಕಿಂತ ಹೆಚ್ಚಿನವುಗಳ ಮುದ್ರೆಯನ್ನೇ ಒಡೆದಿರಲಿಲ್ಲ.

ಗುಜರಿಯವನು ಒಂದು ಬೆಳ್ಳಿ ಚೀಲವನ್ನು ಹರಿದು, ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ನೋಡಿದ. "ಏನಿದು, ಹೊಸದಾಗೇ ಇದೆ?"

"ಒಂದಕ್ಕೂ ಏನೂ ಆಗಿಲ್ಲ" ಅಂದ ಕುಬೇರಣ್ಣ.

"ಏನಾಗಿದ್ರೂ ನಮಗೆ ತೂಕವೇ ಯಜಮಾನ್ರೇ" ಅಂದು ಅವನು ಚೀಲವನ್ನು ಗೋಣಿಗೆ ಸುರಿದ. ಕರೀ ಚಿಪ್ಪುಗಳು ಹುರುಳಿಕಾಳಿನ ಹಾಗೆ ಸದ್ದು ಮಾಡುತ್ತ ಬಿದ್ದವು.

ಕುಬೇರಣ್ಣ ಅಂದು ಯಾಕೆ ಒಪ್ಪಲಿಲ್ಲ ಎಂಬುದಕ್ಕೆ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಪುರಾಣ ಕಟ್ಟಿದ್ದೆವು. ಅದು ಸಿದ್ಧಾಂತ ಎಂದರು ಕೆಲವರು, ವಸ್ತುವಿಗೆ ಕೊಡುವ ಮರ್ಯಾದೆ, ನಮ್ಮ ಕಾಲದವರಿಗೆ ಅರ್ಥವಾಗದ್ದು. ಯಜಮಾನರಿಗೆ ತೋರಿದ ನಿಷ್ಠೆ ಎಂದರು ಇನ್ನು ಕೆಲವರು. ಮುಂದಿನ ನೂರು ವರ್ಷವನ್ನು ಕಣ್ಣಲ್ಲಿಟ್ಟುಕೊಂಡಿದ್ದ, ಕಾಲವೇ ಕೈಕೊಟ್ಟಿತು ಎಂದವರೂ ಇದ್ದರು. ಹುಡುಗ ತನ್ನನ್ನು ಮೀರಿಸುತ್ತಾನೆಂಬ ಮಾವನ ಕಿಚ್ಚು ಎಂದು ಪಿಸುಗುಟ್ಟಿದವರೂ ಉಂಟು.

ಅಳಿಯ ಯಾವ ಪುರಾಣವನ್ನೂ ನಂಬಿರಲಿಲ್ಲ. ಕೊನೆಯ ಗೋಣಿಯ ಬಾಯಿ ಕಟ್ಟಿ, ಕೈ ಒರೆಸಿಕೊಂಡು, ಖಾಲಿ ಕೋಣೆಯ ಮಧ್ಯೆ ನಿಂತು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ಮಾವ, ಆ ಸಂಜೆ ನಾವಿಬ್ಬರೂ ಅಷ್ಟು ಕೇಳ್ಕೊಂಡ್ವಲ್ಲ. ನನ್ನ ಪೆಟ್ಟಿಗೆ ಸರಿಯಿಲ್ಲ ಅಂತ ಅನ್ನಿಸ್ತಾ ನಿಮಗೆ?"

"ಇಲ್ಲ, ಅದು ಸರಿಯಾಗೇ ಇತ್ತು. ನನಗೂ ಗೊತ್ತಾಗಿತ್ತು."

"ಮತ್ತೆ ಯಾಕೆ ಹೂಂ ಅನ್ಲಿಲ್ಲ?"

ಕುಬೇರಣ್ಣ ಗೋಡೆಯ ಕಡೆ ನೋಡಿದ. ಪೆಟ್ಟಿಗೆಗಳಿದ್ದ ಎತ್ತರಕ್ಕೆ ಸುಣ್ಣ ಇನ್ನೂ ಬೆಳ್ಳಗಿತ್ತು.

"ಅಷ್ಟೊಂದು ತರಿಸಿದ್ದು ನಾನೇ ಅಲ್ವಾ ಅಳಿಯಂದ್ರೇ. ಹೇಳೋಕೆ ನಾಚಿಕೆ ಆಯ್ತು."